ಹಾವು ಕಚ್ಚಿದರೆ ಮೊದಲು ಆಸ್ಪತ್ರೆ

ಮಕ್ಕಳೇ, ನಾನು ನಿಮ್ಮಷ್ಟಿದ್ದಾಗ ಶಹಾಪುರದ ಹತ್ತಿರ ನಮ್ಮ ಹೊಲದಲ್ಲಿ ಕಾಕಾನಿಗೆ ನಾಗರಹಾವು ಕಚ್ಚಿತು. ಮಂತ್ರ ಹಾಕಿಸುವುದರಲ್ಲೇ ರಾತ್ರಿ ಕಳೆಯಿತು. ಬೆಳಗಾಗುವಷ್ಟರಲ್ಲಿ ಕಾಕಾ ಇರಲಿಲ್ಲ.

ವಿಷಕ್ಕೆ ಔಷಧ ಆಗಲೂ ಇತ್ತು. ಕುದುರೆಗೆ ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ತಡೆಯುವ ಪ್ರತಿಕಾಯಗಳು ಹುಟ್ಟುತ್ತವೆ. ಅವುಗಳಿಂದಲೇ ಇಂಜೆಕ್ಷನ್ ತಯಾರಾಗುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಒಂದೇ ಔಷಧ. ಆದರೆ ಕುದುರೆಯ ರಕ್ತದಿಂದ ಬಂದದ್ದು ಕೆಲವರ ಮೈಗೆ ಒಗ್ಗುವುದಿಲ್ಲ.

2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ, ಕುದುರೆಯ ಹಂಗಿಲ್ಲದ ಪ್ರತಿಕಾಯವೊಂದನ್ನು ಪ್ರಯೋಗಾಲಯದಲ್ಲೇ ರೂಪಿಸಿದ್ದನ್ನು ಪ್ರಕಟಿಸಿದರು. ನಾಗರ, ಕಟ್ಟುಹಾವುಗಳ ಕುಲದ ವಿಷ ಕೊಟ್ಟ ಇಲಿಗಳು ಅದರಿಂದ ಬದುಕಿದವು. ಮನುಷ್ಯರಿಗೆ ಕೊಡುವ ಮೊದಲು ಇನ್ನೂ ಪರೀಕ್ಷೆಗಳಾಗಬೇಕು.

ಅದೇ ವರ್ಷ ನಮ್ಮ ರಾಜ್ಯ ಸರ್ಕಾರ, ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದಿತು. ಲೆಕ್ಕ ಬರೆದರೇ ಕೊರತೆ ಗೊತ್ತಾಗುವುದು. ಬ್ಯಾಂಕಿನಲ್ಲಿ ನಾನು ಕಲಿತದ್ದೂ ಅದನ್ನೇ.

ಹಿರಿಯರೇ, ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ 108ಕ್ಕೆ ಫೋನ್ ಮಾಡಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಈಗ ಸರ್ಕಾರಿ ಆಸ್ಪತ್ರೆಗಳಿವೆ. ಮಕ್ಕಳೇ, ಯಾರಾದರೂ ಮೊದಲು ಮಂತ್ರ ಹಾಕಿಸೋಣ ಅಂದರೆ, ನಮ್ಮ ಕಾಕಾನ ಕಥೆ ಹೇಳಿ.