ಬೋನಿಫೇಸನೂ ಒಂದು ವಿಭಕ್ತಿದೋಷವೂ

ಬೋನಿಫೇಸನೆಂಬ ಹೆಸರನ್ನು ಕೇಳಿದೊಡನೆ ಚರಿತ್ರೆಯ ವಾಚಕರಿಗೆ ನೆನಪಾಗುವುದು ಗೈಸ್ಮಾರಿನ ಓಕ್ ವೃಕ್ಷ. ಹೆಸ್ಸೆ ಪ್ರಾಂತದ ಜನರು ಪೂಜಿಸುತ್ತಿದ್ದ ಆ ಮಹಾವೃಕ್ಷವನ್ನು ಕ್ರಿ. ಶ. 723ರ ಸುಮಾರಿನಲ್ಲಿ ಆತನು ಕಡಿಯತೊಡಗಲು, ಗಾಳಿ ಬೀಸಿ ಅದು ನಾಲ್ಕು ಹೋಳಾಗಿ ಉರುಳಿತೆಂದೂ, ಆ ಮರದಿಂದಲೇ ಆತನು ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದನೆಂದೂ ಚರಿತಕಾರನಾದ ವಿಲಿಬಾಲ್ಡನು ಹೇಳುತ್ತಾನೆ. ಆದರೆ ಬೋನಿಫೇಸನ ಪತ್ರಗಳನ್ನು ಓದಿದವರಿಗೆ ಗೋಚರಿಸುವ ವ್ಯಕ್ತಿಯೇ ಬೇರೆ. ಅಲ್ಲಿ ನಮ್ಮೆದುರಿಗೆ ನಿಲ್ಲುವವನು ಕೊಡಲಿ ಹಿಡಿದ ವೀರನಲ್ಲ. ಗ್ರಂಥಗಳಿಗಾಗಿ ಹಂಬಲಿಸುವ ಒಬ್ಬ ವೈಯಾಕರಣ.

ಈತನ ಹುಟ್ಟುಹೆಸರು ವಿನ್‌ಫ್ರಿಥ್. ಸುಮಾರು 675ರಲ್ಲಿ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದಲ್ಲಿ ಜನಿಸಿ, ಎಕ್ಸೆಟರ್ ಮತ್ತು ನರ್ಸ್‌ಲಿಂಗ್ ಮಠಗಳಲ್ಲಿ ಬೆಳೆದು, ನರ್ಸ್‌ಲಿಂಗಿನಲ್ಲಿ ಉಪಾಧ್ಯಾಯನಾದನು. ಅವನು ರಚಿಸಿದ ಲ್ಯಾಟಿನ್ ವ್ಯಾಕರಣವೂ, ಸದ್ಗುಣ ದುರ್ಗುಣಗಳನ್ನು ಕುರಿತ ಒಗಟಿನ ಪದ್ಯಗಳೂ ಇಂದಿಗೂ ಉಳಿದಿವೆ. ಆ ಒಗಟುಗಳಲ್ಲಿ ಪಂಕ್ತಿಗಳ ಆದ್ಯಕ್ಷರಗಳನ್ನು ಕೂಡಿಸಿದರೆ ಉತ್ತರವು ತಾನಾಗಿಯೇ ದೊರೆಯುವುದು. 716ರಲ್ಲಿ ಫ್ರಿಸಿಯಾಕ್ಕೆ ಹೋಗಿ ಅಲ್ಲಿನ ಯುದ್ಧದ ಕಾರಣ ನಿಷ್ಫಲನಾಗಿ ಹಿಂದಿರುಗಿದನು. 718ರಲ್ಲಿ ಮತ್ತೆ ಹೊರಟವನು ಸ್ವದೇಶವನ್ನು ತಿರುಗಿ ನೋಡಲೇ ಇಲ್ಲ. ಮರುವರ್ಷ ಪೋಪ್ ಎರಡನೆಯ ಗ್ರೆಗರಿಯು ಅವನಿಗೆ ಬೋನಿಫೇಸನೆಂಬ ಹೆಸರನ್ನಿತ್ತನು.

722ರಲ್ಲಿ ಅದೇ ಪೋಪನು ಅವನನ್ನು ರೋಮಿಗೆ ಕರೆಸಿ, ಬಿಷಪ್ ಪದವಿಯನ್ನು ಕೊಡುವುದಕ್ಕೆ ಮೊದಲು ಅವನ ಧರ್ಮಶ್ರದ್ಧೆಯನ್ನು ಕುರಿತು ಪ್ರಶ್ನಿಸಿದನು. ಆಗ ಬೋನಿಫೇಸನು ತಾನು ಪರದೇಶೀಯನಾದುದರಿಂದ ಅಲ್ಲಿನ ಆಡುಮಾತಿನಲ್ಲಿ ಕುಶಲನಲ್ಲವೆಂದೂ, ಉತ್ತರವನ್ನು ಬರೆದು ಒಪ್ಪಿಸಲು ಅವಕಾಶವಾಗಬೇಕೆಂದೂ ಕೇಳಿಕೊಂಡನೆಂದು ವಿಲಿಬಾಲ್ಡನು ತಿಳಿಸುತ್ತಾನೆ. ವ್ಯಾಕರಣಗ್ರಂಥವನ್ನೇ ಬರೆದವನು ಮಾತಾಡಲು ಹಿಂಜರಿದನು! ಇದರಲ್ಲಿ ವಿಸ್ಮಯಕ್ಕೆಡೆಯಿಲ್ಲ. ಆಂಗ್ಲನಿಗೆ ಲ್ಯಾಟಿನ್ ಕೇವಲ ಗ್ರಂಥಮುಖದಿಂದ ಕಲಿತ ಶುದ್ಧಭಾಷೆ. ಇಟಲಿ, ಗಾಲ್ ದೇಶಗಳವರಿಗಾದರೋ ಅದು ಬಾಯಿಂದ ಬಾಯಿಗೆ ಬಂದು, ವಿಭಕ್ತಿಪ್ರತ್ಯಯಗಳು ಸವೆದು ರೂಪಾಂತರ ಹೊಂದುತ್ತಿದ್ದ ಮನೆಮಾತು.

ಈ ಭೇದವೇ ಮುಂದೆ ಒಂದು ವಿವಾದಕ್ಕೆ ಕಾರಣವಾಯಿತು. ಬವೇರಿಯದಲ್ಲಿ ಒಬ್ಬ ಪಾದ್ರಿಯು ದೀಕ್ಷಾಸ್ನಾನ ಮಾಡಿಸುವಾಗ ‘ಪಾತ್ರಿಸ್’, ‘ಫಿಲಿಈ’ ಎಂಬ ಷಷ್ಠೀರೂಪಗಳಿಗೆ ಬದಲಾಗಿ ‘ಪಾತ್ರಿಯ’, ‘ಫಿಲಿಯ’ ಎಂದು ಉಚ್ಚರಿಸುತ್ತಿದ್ದನು. ಮೊದಲನೆಯವಕ್ಕೆ ‘ತಂದೆಯ’, ‘ಮಗನ’ ಎಂದರ್ಥ. ಪಾದ್ರಿಯು ನುಡಿದವಕ್ಕೆ ‘ತಾಯ್ನಾಡು’, ‘ಮಗಳು’ ಎಂದರ್ಥ. ಆ ಸ್ನಾನವು ಅಸಿಂಧುವೆಂದು ಬೋನಿಫೇಸನು ಪುನಃ ದೀಕ್ಷೆ ಕೊಡಿಸಲು ಆಜ್ಞಾಪಿಸಿದನು. ಸ್ವರದೋಷದಿಂದ ‘ಇಂದ್ರಶತ್ರು’ ಶಬ್ದವು ಯಜಮಾನನನ್ನೇ ಕೊಂದಿತೆಂಬ ಕಥೆಯನ್ನು ಬಲ್ಲ ನಮ್ಮ ಪಂಡಿತರಿಗೆ ಈ ತರ್ಕವು ಅಪರಿಚಿತವಲ್ಲ. ಅಲ್ಲಿಯೇ ಇದ್ದ ವಿರ್ಗಿಲಿಯಸ್, ಸಿಡೋನಿಯಸ್ ಎಂಬಿಬ್ಬರು ಇದನ್ನು ಒಪ್ಪದೆ ರೋಮಿಗೆ ಬರೆದರು. 746ರಲ್ಲಿ ಪೋಪ್ ಜಕರಿಯನು ತೀರ್ಪನ್ನಿತ್ತನು: ಆ ಪಾದ್ರಿಯದು ಪಾಷಂಡಮತವಲ್ಲ, ರೋಮನರ ಭಾಷೆಯ ಅಜ್ಞಾನಮಾತ್ರ; ಆದುದರಿಂದ ಮರಳಿ ಸ್ನಾನ ಕೂಡದು.

ಬೋನಿಫೇಸನದು ಬರಿಯ ಪಂಡಿತಹಠವೆಂದು ನಗುವವರುಂಟು. ಅದು ನ್ಯಾಯವಾಗಿ ತೋರುವುದಿಲ್ಲ. ಜೂಪಿಟರನಿಗೆ ಬಲಿಯಿತ್ತು ಆ ಮಾಂಸವನ್ನು ತಿನ್ನುತ್ತಿದ್ದ ಪಾದ್ರಿಗಳು ಅವನ ಸೀಮೆಯಲ್ಲಿದ್ದರು. ಅಂಥವರಿಂದ ಸ್ನಾನ ಪಡೆದವರಿಗೆ ಮತ್ತೊಮ್ಮೆ ದೀಕ್ಷೆ ಕೊಡಬೇಕೆಂದು ಮೂರನೆಯ ಗ್ರೆಗರಿಯೇ ಹಿಂದೆ ಬರೆದಿದ್ದನು. ಹಳೆಯ ಮತಕ್ಕೂ ಹೊಸದಕ್ಕೂ ನಡುವಣ ಗೆರೆಯು ಇಷ್ಟು ಮಸುಕಾಗಿರುವಲ್ಲಿ, ಆ ಗೆರೆಯನ್ನು ಎಳೆಯುವ ಮೂರು ಮಾತುಗಳಾದರೂ ನೆಟ್ಟಗಿರಲೆಂದು ಅವನು ಬಯಸಿದುದು ಸಹಜ. ಆದರೂ ತೀರ್ಪು ಜಕರಿಯನದೇ ಸರಿ. ಅವನು ನೋಡಿದುದು ಪಾದ್ರಿಯ ಅಭಿಪ್ರಾಯವನ್ನು. ಬೋನಿಫೇಸನು ನೋಡಿದುದು ಶಬ್ದವನ್ನು.

ಶಬ್ದದ ಮೇಲಣ ಈ ಮಮತೆಯು ಅವನ ಪತ್ರಗಳಲ್ಲಿ ಬೇರೆ ಬೇರೆ ಬಗೆಯಾಗಿ ಹೊರಬೀಳುತ್ತದೆ. ಈಡ್‌ಬುರ್ಗಳೆಂಬ ಮಠಾಧ್ಯಕ್ಷೆಗೆ ಪೇತ್ರನ ಪತ್ರಿಕೆಗಳನ್ನು ಸುವರ್ಣಾಕ್ಷರಗಳಲ್ಲಿ ಬರೆದುಕೊಡಬೇಕೆಂದು ಕೇಳುತ್ತಾನೆ: ಉಪದೇಶಕಾಲದಲ್ಲಿ ಲೌಕಿಕರ ಕಣ್ಣಿಗೆ ಅದರ ಗೌರವವು ತೋರಬೇಕು. ಬೀಡನ ಗ್ರಂಥಗಳನ್ನು ಕಳುಹಿಸಿರೆಂದು ಇಂಗ್ಲೆಂಡಿಗೆ ಬರೆಯುತ್ತಾನೆ. ವಿಂಚೆಸ್ಟರಿನ ಬಿಷಪ್ ಡೇನಿಯಲನಿಗೆ ಬರೆದ ಕೋರಿಕೆಯಂತೂ ಮನಸ್ಸನ್ನು ಕರಗಿಸುತ್ತದೆ. ತನ್ನ ಗುರು ವಿನ್‌ಬರ್ಟನು ಬಿಟ್ಟುಹೋದ ಪ್ರವಾದಿಗಳ ಪುಸ್ತಕವೇ ಬೇಕು; ಅದರ ಅಕ್ಷರಗಳು ಬಿಡಿಬಿಡಿಯಾಗಿ ಸ್ಪಷ್ಟವಾಗಿವೆ; ತನ್ನ ಕಣ್ಣು ಮಸುಳುತ್ತಿರುವುದರಿಂದ ಕೂಡಿಸಿ ಬರೆದ ಸಣ್ಣಕ್ಷರವನ್ನು ಓದಲಾರೆ. ಅದೇ ಪತ್ರದಲ್ಲಿ, ಫ್ರಾಂಕರ ಅರಸನ ಆಶ್ರಯವಿಲ್ಲದೆ ಪಾದ್ರಿಗಳನ್ನಾಗಲಿ ಜನರನ್ನಾಗಲಿ ಆಳಲಾರೆನೆಂದು ಒಪ್ಪಿಕೊಂಡಿದ್ದಾನೆ. ಬಂಧುವಾದ ಲಿಯೋಬಾ ತಾನು ರಚಿಸಿದ ಪದ್ಯಗಳನ್ನು ಕಳುಹಿಸಿ ತನ್ನ ಲ್ಯಾಟಿನ್ನನ್ನು ತಿದ್ದಬೇಕೆಂದು ಬೇಡಿದುದೂ ಈ ಸಂಗ್ರಹದಲ್ಲಿಯೇ ಉಂಟು. ಮುಂದೆ ಆಕೆ ಜರ್ಮನಿಗೆ ಬಂದು ಬಿಷೋಫ್ಸ್‌ಹೈಮಿನ ಮಠವನ್ನು ನಡೆಸಿದಳು.

732ರಲ್ಲಿ ಆರ್ಚ್‌ಬಿಷಪ್ಪನಾದುದು, 739ರಲ್ಲಿ ಬವೇರಿಯದ ಧರ್ಮಪ್ರಾಂತಗಳನ್ನು ವ್ಯವಸ್ಥೆಗೊಳಿಸಿದುದು, 744ರಲ್ಲಿ ಶಿಷ್ಯನಾದ ಸ್ಟುರ್ಮನಿಂದ ಫುಲ್ಡಾ ಮಠವನ್ನು ಸ್ಥಾಪಿಸಿದುದು ಇವೆಲ್ಲ ಸುಪರಿಚಿತ ಸಂಗತಿಗಳು. ಎಂಬತ್ತರ ಸಮೀಪದಲ್ಲಿ ಅವನು ಮತ್ತೆ ಫ್ರಿಸಿಯಾಕ್ಕೆ ಹೊರಟನು. 754ನೆಯ ಜೂನ್ 5ರಂದು ಡೊಕ್ಕುಮಿನ ಬಳಿ ಆಯುಧಪಾಣಿಗಳ ಗುಂಪೊಂದು ಅವನನ್ನೂ ಸಂಗಡಿಗರನ್ನೂ ಕೊಂದಿತು. ಹಂತಕರು ಬೆಳ್ಳಿಬಂಗಾರದಾಸೆಯಿಂದ ಪೆಟ್ಟಿಗೆಗಳನ್ನೊಡೆದು ನೋಡಲು ಪುಸ್ತಕಗಳೇ ದೊರೆತುವು. ಅವನ್ನು ಬಯಲಿನಲ್ಲಿಯೂ ಜೌಗಿನಲ್ಲಿಯೂ ಚೆಲ್ಲಿ ಹೋದರು.

ಆ ಗಳಿಗೆಯಲ್ಲಿ ಅವನು ಸುವಾರ್ತೆಯ ಪುಸ್ತಕವನ್ನು ತಲೆಗೆ ಅಡ್ಡವಾಗಿ ಹಿಡಿದನೆಂಬ ಪ್ರತೀತಿಯು ವಿಲಿಬಾಲ್ಡನಲ್ಲಿಲ್ಲ. ಒಂಬತ್ತನೆಯ ಶತಮಾನದ ಮತ್ತೊಂದು ಚರಿತೆಯಲ್ಲಿ, ಕಣ್ಣಾರೆ ಕಂಡೆನೆಂದ ಒಬ್ಬ ವೃದ್ಧೆಯ ಮಾತಾಗಿ ಬರುತ್ತದೆ. ಫುಲ್ಡಾದಲ್ಲಿ ರಕ್ಷಿತವಾಗಿರುವ ರಾಗಿಂಡ್ರುಡಿಸ್ ಗ್ರಂಥವೇ ಅದೆಂದು ಹೇಳುವವರುಂಟು. ಆ ಗ್ರಂಥದಲ್ಲಿ ಕತ್ತಿಯೇಟಿನಂತಹ ಆಳವಾದ ಗಾಯಗಳಿರುವುದು ನಿಜ. ಆದರೆ ಅದು ಸುವಾರ್ತೆಯಲ್ಲ. ಅದರಲ್ಲಿರುವುದು ಇಸಿಡೋರ್, ಆಂಬ್ರೋಸ್ ಮೊದಲಾದವರ ಪ್ರಬಂಧಗಳ ಸಂಕಲನ.