ಅಮೆರಿಕಕ್ಕೆ ಕುಂಬಳದ ಪೈ, ಜಪಾನಿಗೆ ಸ್ಟ್ರಾಬೆರಿ ಕೇಕ್: ಹಬ್ಬದ ಸಿಹಿಯ ಹಿಂದಿನ ಕಥೆ

ನವೆಂಬರ್ ಕೊನೆಯ ವಾರದಿಂದ ಹೊಸ ವರ್ಷದ ಮೊದಲ ದಿನಗಳವರೆಗೆ ಅಮೆರಿಕ ಮತ್ತು ಜಪಾನ್ ದೇಶಗಳಲ್ಲಿ ಸಿಹಿತಿನಿಸುಗಳ ಸುಗ್ಗಿ. ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ಊಟಕ್ಕೆ ಸಿಹಿಗುಂಬಳದ ಪೈ ಇರಲೇಬೇಕು. ಜಪಾನಿನಲ್ಲಿ ಕ್ರಿಸ್‌ಮಸ್ ಎಂದರೆ ಬಿಳಿ ಕೆನೆಯ ಮೇಲೆ ಕೆಂಪು ಸ್ಟ್ರಾಬೆರಿ ಇರಿಸಿದ ಕೇಕ್. ಎರಡನ್ನೂ ಆಯಾ ದೇಶದ ಜನರು ಸಂಪ್ರದಾಯವೆಂದೇ ಭಾವಿಸುತ್ತಾರೆ. ಆದರೆ ಈ ತಿನಿಸುಗಳಿಗೆ ಇಂದಿನ ರೂಪ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಡಬ್ಬಿ ಕಾರ್ಖಾನೆ, ಸಕ್ಕರೆ ಪೂರೈಕೆ ಹಾಗೂ ರೆಫ್ರಿಜರೇಟರ್ ಇವುಗಳ ನಿಜವಾದ ಪೋಷಕರು. ಹಬ್ಬದ ಸಿಹಿಯು ಮನೆಯಿಂದ ಕಾರ್ಖಾನೆಗೆ ಸಾಗಿದಾಗ ದೊರೆಯುವ ಅನುಕೂಲವೇನು, ಎದುರಾಗುವ ಅಪಾಯವೇನು ಎಂಬುದಕ್ಕೆ ಈ ಎರಡು ದೇಶಗಳು ಉತ್ತಮ ನಿದರ್ಶನ.

ಡಬ್ಬಿಯೊಳಗಿನ ಸಂಪ್ರದಾಯ

ಹಿಟ್ಟಿನ ಹಾಳೆಯನ್ನು ತಟ್ಟೆಯಲ್ಲಿ ಹಾಸಿ, ಒಳಗೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ತಿನಿಸೇ ಪೈ. 1621ರಲ್ಲಿ ಪ್ಲಿಮತ್‌ನ ವಲಸಿಗರು ಸ್ಥಳೀಯ ವಾಂಪನೋಗ್ ಜನರೊಡನೆ ನಡೆಸಿದ ಸುಗ್ಗಿಯೂಟವೇ ಥ್ಯಾಂಕ್ಸ್‌ಗಿವಿಂಗ್‌ನ ಮೂಲ ಎಂಬುದು ಜನಜನಿತ ಕಥೆ. ಆದರೆ ಆ ಊಟದಲ್ಲಿ ಇಂದಿನ ಪೈ ಇದ್ದಿರಲಾರದು. ಅದಕ್ಕೆ ಬೇಕಾದ ಗೋಧಿಹಿಟ್ಟು, ಬೆಣ್ಣೆ, ಓವನ್‌ಗಳ ಅನುಕೂಲ ಆ ವಲಸಿಗರಿಗೆ ಇರಲಿಲ್ಲ.

1796ರಲ್ಲಿ ಅಮೀಲಿಯಾ ಸಿಮನ್ಸ್ ಪ್ರಕಟಿಸಿದ ‘ಅಮೆರಿಕನ್ ಕುಕರಿ’ ಎಂಬ ಪಾಕಗ್ರಂಥದಲ್ಲಿ ಇಂದಿನ ಪೈಯನ್ನು ಹೋಲುವ ಕುಂಬಳದ ತಿನಿಸು ಕಾಣಿಸಿಕೊಂಡಿತು. 1827ರಲ್ಲಿ ಸಾರಾ ಜೋಸೆಫಾ ಹೇಲ್ ತಮ್ಮ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟವನ್ನು ವರ್ಣಿಸುತ್ತಾ ಈ ಪೈಗೆ ವಿಶೇಷ ಸ್ಥಾನ ಕೊಟ್ಟರು. ಹಬ್ಬವನ್ನು ರಾಷ್ಟ್ರಮಟ್ಟದಲ್ಲಿ ಆಚರಿಸಬೇಕೆಂದು ದೀರ್ಘಕಾಲ ಒತ್ತಾಯಿಸಿದವರೂ ಅವರೇ. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ನವೆಂಬರ್‌ನ ಕೊನೆಯ ಗುರುವಾರವನ್ನು ಇದಕ್ಕಾಗಿ ಘೋಷಿಸಿದರು. 1941ರ ಕಾಯ್ದೆಯಿಂದ ಅದು ನಾಲ್ಕನೆಯ ಗುರುವಾರವಾಯಿತು.

ಕುಂಬಳ ಕತ್ತರಿಸಿ, ಬೇಯಿಸಿ, ಸೋಸುವುದು ಶ್ರಮದ ಕೆಲಸ. ಆ ಶ್ರಮವನ್ನು ಡಬ್ಬಿ ತಪ್ಪಿಸಿತು. 1929ರಲ್ಲಿ ಇಲಿನಾಯ್ ರಾಜ್ಯದ ಮಾರ್ಟನ್ ಪಟ್ಟಣದ ಕಾರ್ಖಾನೆಯೊಂದನ್ನು ಲಿಬ್ಬೀಸ್ ಸಂಸ್ಥೆ ಕೊಂಡುಕೊಂಡಿತು. ಅಲ್ಲಿ ತಯಾರಾಗುವ ಕುಂಬಳದ ತಿರುಳು ಇಂದು ದೇಶದ ಮೂಲೆಮೂಲೆಗೂ ತಲುಪುತ್ತದೆ. ಡಬ್ಬಿಯಲ್ಲಿರುವುದು ಚಿತ್ರಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಉರುಟು ಕುಂಬಳವಲ್ಲ, ‘ಡಿಕಿನ್ಸನ್’ ಎಂಬ ತಿಳಿಕಂದು ಸಿಪ್ಪೆಯ ಉದ್ದನೆಯ ತಳಿ. ಪೈ ಮಾಡುವ ವಿಧಾನವನ್ನು 1950ರಿಂದ ಡಬ್ಬಿಯ ಮೇಲೆಯೇ ಅಚ್ಚು ಹಾಕಲಾಗುತ್ತಿದೆ. ಅಜ್ಜಿಯಿಂದ ಬಂದದ್ದೆಂದು ಹಲವು ಮನೆಗಳಲ್ಲಿ ಹೇಳಿಕೊಳ್ಳುವ ಪಾಕದ ಮೂಲ ಈ ಚೀಟಿಯೇ ಆಗಿರುವುದುಂಟು. ಹಬ್ಬದ ಇನ್ನೊಂದು ಸಿಹಿಯಾದ ಪೆಕಾನ್ ಪೈ ಕೂಡ ಮನೆಮನೆಗೆ ಹರಡಿದ್ದು ಮೆಕ್ಕೆಜೋಳದ ಪಾಕ ಮಾರುವ ಕಂಪೆನಿಯ ಪ್ರಚಾರದ ನೆರವಿನಿಂದ.

ಆದರೆ ಒಂದೇ ಪ್ರದೇಶವನ್ನು ನಂಬಿದ ಪೂರೈಕೆಗೆ ತನ್ನದೇ ದೌರ್ಬಲ್ಯವಿದೆ. ಡಬ್ಬಿಗೆ ಹೋಗುವ ಕುಂಬಳದ ಬಹುಪಾಲು ಬೆಳೆಯುವುದು ಇಲಿನಾಯ್‌ನಲ್ಲಿಯೇ. 2009ರ ಶರತ್ಕಾಲದಲ್ಲಿ ಅಲ್ಲಿ ವಿಪರೀತ ಮಳೆ ಸುರಿದು, ಕೊಯ್ಲಿನ ಯಂತ್ರಗಳು ಕೆಸರಿನಲ್ಲಿ ಹೂತು, ಬೆಳೆಯ ಒಂದು ಭಾಗ ಹೊಲದಲ್ಲೇ ಉಳಿಯಿತು. ಲಿಬ್ಬೀಸ್‌ನ ಒಡೆತನ ಹೊಂದಿರುವ ನೆಸ್ಲೆ ಗ್ರಾಹಕರ ಕ್ಷಮೆ ಕೋರಬೇಕಾಯಿತು. ಒಂದು ರಾಜ್ಯದ ಮಳೆ ಇಡೀ ದೇಶದ ಹಬ್ಬದ ಅಡುಗೆಯನ್ನು ತಟ್ಟಿತ್ತು.

ಋತು ಹೇಳುವ ತಿನಿಸು

ಜಪಾನಿನ ಹಿನ್ನೆಲೆ ಬೇರೆ. ಅಲ್ಲಿನ ಹಳೆಯ ಅಡುಗೆಮನೆಗಳಲ್ಲಿ ಓವನ್ ಇರಲಿಲ್ಲ. ಅಂಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ ಕುಟ್ಟುವುದು, ಎಲೆಯಲ್ಲಿ ಸುತ್ತುವುದು ಅಲ್ಲಿನ ಪದ್ಧತಿ. ನಮ್ಮ ಹೋಳಿಗೆಯ ಹೂರಣವನ್ನು ನೆನಪಿಸುವ, ‘ಅಜುಕಿ’ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಬೆರೆಸಿ ಮಾಡಿದ ‘ಆಂಕೊ’ ಈ ತಿನಿಸುಗಳ ಜೀವಾಳ. ‘ವಗಾಶಿ’ ಎಂದು ಕರೆಯಲಾಗುವ ಇವು ಋತುವನ್ನು ಹೇಳುವ ಪಂಚಾಂಗವೂ ಹೌದು.

ಹಗಲು ಇರುಳು ಸಮವಾಗುವ ದಿನಗಳಲ್ಲಿ ಹಿರಿಯರ ಸಮಾಧಿಗೆ ಭೇಟಿ ನೀಡುವ ಜಪಾನೀಯರು ಆಂಕೊ ಲೇಪಿಸಿದ ಅನ್ನದ ಉಂಡೆಯನ್ನು ಅರ್ಪಿಸುತ್ತಾರೆ. ಪಿಯೋನಿ ಹೂ ಅರಳುವ ವಸಂತದಲ್ಲಿ ಅದು ‘ಬೊತಮೊಚಿ’, ಹಗಿ ಹೂವಿನ ಶರತ್ಕಾಲದಲ್ಲಿ ‘ಒಹಗಿ’. ತಿನಿಸು ಒಂದೇ, ಋತುವಿಗೊಂದು ಹೆಸರು. ಮೇ 5ರ ಮಕ್ಕಳ ಹಬ್ಬಕ್ಕೆ ‘ಕಶಿವ’ ಎಂಬ ಓಕ್ ಜಾತಿಯ ಮರದ ಎಲೆಯಲ್ಲಿ ಸುತ್ತಿದ ಮೊಚಿ ಸಿದ್ಧವಾಗುತ್ತದೆ. ಹೊಸ ಚಿಗುರು ಬರುವವರೆಗೆ ಈ ಮರದ ಹಳೆಯ ಎಲೆ ಉದುರದು. ಆದ್ದರಿಂದ ಅದು ವಂಶ ಬೆಳೆಯುವುದರ ಸಂಕೇತ.

ಅಂಗಡಿಯಿಂದ ಬಂದ ಕ್ರಿಸ್‌ಮಸ್

ಇಂತಹ ನಾಡಿಗೆ ಕ್ರಿಸ್‌ಮಸ್ ಕೇಕ್ ಬಂದದ್ದು ಧರ್ಮದ ಮೂಲಕವಲ್ಲ, ವ್ಯಾಪಾರದ ಮೂಲಕ. ಜಪಾನಿನ ಜನಸಂಖ್ಯೆಯಲ್ಲಿ ಕ್ರೈಸ್ತರು ಸುಮಾರು ಶೇಕಡಾ 1ರಷ್ಟು ಮಾತ್ರ. ಡಿಸೆಂಬರ್ 25 ಅಲ್ಲಿ ಸರ್ಕಾರಿ ರಜೆಯೂ ಅಲ್ಲ. 1910ರಲ್ಲಿ ಯೊಕೊಹಾಮಾದಲ್ಲಿ ಆರಂಭವಾದ ಫುಜಿಯಾ ಅಂಗಡಿಯು ಈ ಕೇಕ್ ಜನಪ್ರಿಯವಾಗುವಲ್ಲಿ ಪ್ರಮುಖ ಪಾತ್ರ ವಹಿಸಿತು. ಅದರ ಸ್ಥಾಪಕರಾದ ರಿನೆಮೊನ್ ಫುಜಿಯಿ 1912ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಮಿಠಾಯಿ ಉದ್ಯಮವನ್ನು ನೋಡಿ ಬಂದವರು. ‘ಶಾರ್ಟ್‌ಕೇಕ್’ ಎಂಬ ಹೆಸರೂ ಅಮೆರಿಕದಿಂದಲೇ ಬಂದದ್ದು. ಆದರೆ ಅಮೆರಿಕದ್ದು ಪುಡಿಪುಡಿಯಾಗುವ ಬಿಸ್ಕತ್ತಿನಂಥದು, ಜಪಾನಿನದು ಹತ್ತಿಯಂತೆ ಮೃದುವಾದದ್ದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆ ಕಣ್ಮರೆಯಾಯಿತು. 1952ರಲ್ಲಿ ಸಕ್ಕರೆಯ ಮೇಲಿನ ಸರ್ಕಾರಿ ನಿಯಂತ್ರಣ ತೆರವಾದ ಮೇಲೆ ಕೇಕ್ ಚೇತರಿಸಿಕೊಂಡಿತು. ಮೊದಲಿಗೆ ಬೇಗ ಕೆಡದ ಬೆಣ್ಣೆ ಕೆನೆಯ ಕೇಕ್‌ಗಳೇ ಹೆಚ್ಚು. ಅಂಗಡಿಗೂ ಮನೆಗೂ ರೆಫ್ರಿಜರೇಟರ್ ಬಂದ ಬಳಿಕ ತಾಜಾ ಕೆನೆ ಆ ಸ್ಥಾನ ಪಡೆಯಿತು. ವಸಂತದ ಹಣ್ಣಾದ ಸ್ಟ್ರಾಬೆರಿಯನ್ನು ಹಸಿರುಮನೆಗಳಲ್ಲಿ ಬೆಳೆಸಿ ಡಿಸೆಂಬರ್‌ಗೆ ತರಲಾಯಿತು. ಕೆಂಪು ಮತ್ತು ಬಿಳಿ ಜಪಾನೀಯರಿಗೆ ಮಂಗಳಕರ ಬಣ್ಣಗಳಾದದ್ದೂ ಈ ಕೇಕ್‌ಗೆ ಅನುಕೂಲವಾಯಿತು.

ಈ ಕೇಕನ್ನು ಬಹುತೇಕರು ಮುಂಗಡ ಕಾಯ್ದಿರಿಸಿ ಕೊಳ್ಳುತ್ತಾರೆ. 25 ಕಳೆದರೆ ಅದಕ್ಕೆ ಬೆಲೆಯಿಲ್ಲ. ಈ ಮಾತನ್ನೇ ಹಿಡಿದು, 25 ವರ್ಷ ದಾಟಿದ ಅವಿವಾಹಿತ ಹೆಣ್ಣುಮಕ್ಕಳನ್ನು ‘ಕ್ರಿಸ್‌ಮಸ್ ಕೇಕ್’ ಎಂದು ಹಂಗಿಸುವ ಕೆಟ್ಟ ರೂಢಿ 1980ರ ದಶಕದಲ್ಲಿತ್ತು. ಮಹಿಳೆಯರ ಸರಾಸರಿ ವಿವಾಹ ವಯಸ್ಸು 29 ದಾಟಿರುವ ಇಂದು ಆ ಕುಹಕ ಅರ್ಥ ಕಳೆದುಕೊಂಡಿದೆ.

2023ರ ಡಿಸೆಂಬರ್‌ನಲ್ಲಿ ಹೆಸರಾಂತ ತಕಶಿಮಾಯಾ ಮಳಿಗೆಯು ಅಂತರ್ಜಾಲದ ಮೂಲಕ ಮಾರಿದ ಸುಮಾರು 2,900 ಶೀತಲೀಕೃತ ಕೇಕ್‌ಗಳ ಪೈಕಿ 800ಕ್ಕೂ ಹೆಚ್ಚು ಕುಸಿದ ಸ್ಥಿತಿಯಲ್ಲಿ ಗ್ರಾಹಕರನ್ನು ತಲುಪಿದವು. ಸಂಸ್ಥೆ ಬಹಿರಂಗವಾಗಿ ಕ್ಷಮೆ ಯಾಚಿಸಿತಾದರೂ ನಿಖರ ಕಾರಣವನ್ನು ಗುರುತಿಸಲು ಸಾಧ್ಯವಾಗಲಿಲ್ಲವೆಂದು ತಿಳಿಸಿತು. ಕಳೆದುಹೋದ ಹಬ್ಬದ ಸಂಜೆಯನ್ನು ಮಾತ್ರ ಯಾರೂ ಮರಳಿಸುವಂತಿರಲಿಲ್ಲ.

ಹಳೆಯದೆಲ್ಲ ನಿರಪಾಯವಲ್ಲ

ಹಾಗೆಂದು ಹಳೆಯ ತಿನಿಸಿಗೆ ಮರಳಿದರೆ ಚಿಂತೆಯಿಲ್ಲ ಎನ್ನುವಂತಿಲ್ಲ. ಜಪಾನಿನ ಹೊಸ ವರ್ಷಕ್ಕೆ ಮೊಚಿ ಬೇಕೇ ಬೇಕು. ಒಂದರ ಮೇಲೊಂದು ಇರಿಸಿದ ‘ಕಗಾಮಿ ಮೊಚಿ’ಯನ್ನು ಮನೆಯಲ್ಲಿ ಅಲಂಕರಿಸಿಟ್ಟು, ಸಾಮಾನ್ಯವಾಗಿ ಜನವರಿ 11ರಂದು ಒಡೆದು, ಸಿಹಿ ಕಾಳಿನ ಪಾಯಸದಂತಹ ‘ಶಿರುಕೊ’ದಲ್ಲಿ ಹಾಕಿ ತಿನ್ನುತ್ತಾರೆ. ಆದರೆ ಅಂಟಾದ ಈ ಮೊಚಿ ಗಂಟಲಲ್ಲಿ ಸಿಕ್ಕಿ ಪ್ರತಿವರ್ಷ ವೃದ್ಧರು ಆಸ್ಪತ್ರೆ ಸೇರುತ್ತಾರೆ, ಸಾವುಗಳೂ ಸಂಭವಿಸುತ್ತವೆ. ಸಣ್ಣ ಚೂರು ಮಾಡಿ, ಚೆನ್ನಾಗಿ ಅಗಿದು ತಿನ್ನುವಂತೆ ಟೋಕಿಯೊ ಅಗ್ನಿಶಾಮಕ ಇಲಾಖೆ ವರ್ಷಾಂತ್ಯದಲ್ಲಿ ಎಚ್ಚರಿಸುತ್ತದೆ. ಹತ್ತು ಜನರಲ್ಲಿ ಸುಮಾರು ಮೂವರು 65 ದಾಟಿರುವ ದೇಶಕ್ಕೆ ಇದು ಸಣ್ಣ ಎಚ್ಚರಿಕೆಯಲ್ಲ.

ಕಾರ್ಖಾನೆಯು ಹಬ್ಬದ ಸಿಹಿಯನ್ನು ಎಲ್ಲರ ಕೈಗೆಟಕಿಸಿತು, ಅಡುಗೆಮನೆಯ ದುಡಿಮೆಯನ್ನು ಇಳಿಸಿತು ಎಂಬುದು ನಿಜ. ಆದರೆ ಉಳಿದ ಸರಕು ಎರಡು ದಿನ ತಡವಾದರೆ ಜನ ಸಹಿಸಿಕೊಳ್ಳುತ್ತಾರೆ, ಹಬ್ಬದ ಸಿಹಿ ತಡವಾಗುವಂತಿಲ್ಲ. ಇಲಿನಾಯ್‌ನ ಕೆಸರೂ ಜಪಾನಿನ ಕುಸಿದ ಕೇಕ್‌ಗಳೂ ನೆನಪಿಸಿದ್ದು ಇದನ್ನೇ. ಕುಂಬಳ ಮರುವರ್ಷ ಮತ್ತೆ ಬೆಳೆಯುತ್ತದೆ, ಕೇಕ್‌ಗೆ ಕೊಟ್ಟ ಹಣವೂ ಮರಳಿ ಬರಬಹುದು. ಆ ಒಂದು ದಿನಕ್ಕಾಗಿ ದೂರದೂರಿನಿಂದ ಬಂದು ಸೇರಿದ ಮನೆಮಂದಿಗೆ ಮುಂದಿನ ಸರದಿ ಒಂದು ವರ್ಷದ ನಂತರ.