ಮೊದಲ ಡ್ರಿಲ್ ಅಜ್ಜನ ದವಡೆಗಲ್ಲ

ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಒಬ್ಬ ಅಜ್ಜ ಇದ್ದಾನೆ ಅಂದ್ಕೊಳ್ಳಿ. ವಯಸ್ಸು 62. ಕೆಳಗಿನ ಎರಡು ದವಡೆಹಲ್ಲು ಹೋಗಿವೆ, ಖಡಕ್ ರೊಟ್ಟಿಯನ್ನ ಸಾರಿನಲ್ಲಿ ನೆನೆಸಿಯೇ ತಿನ್ನಬೇಕು. ಸಕ್ಕರೆ ಕಾಯಿಲೆ ಇದೆ, ತಂಬಾಕು ಬಿಟ್ಟಿಲ್ಲ. ಬೆಂಗಳೂರಿನ ಮೊಮ್ಮಗ ಫೋನಿನಲ್ಲಿ ಹೇಳ್ತಾನೆ: "ಅಜ್ಜಾ, ಇಂಪ್ಲಾಂಟ್ ಹಾಕಿಸೋಣು. ರೊಕ್ಕ ನಾ ಕೊಡ್ತೀನಿ."

ಹಾಕಿಸಬಹುದಾ?

ದಂತವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಇಂಥ ಪ್ರಶ್ನೆಯನ್ನೇ ಇಟ್ಟು ಪಾಠ ಶುರು ಮಾಡುವ ಕ್ರಮ ಈಗ ಬೆಳೀತಿದೆ. ಉಪನ್ಯಾಸದ ವಿಡಿಯೊ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ನೋಡಿ ಬರಬೇಕು. ತರಗತಿಯಲ್ಲಿ ನಾಲ್ಕೈದು ಜನರ ಗುಂಪು ಸ್ಕ್ಯಾನ್ ನೋಡಿ ವಾದ ಮಾಡುತ್ತೆ. ಒಂದು ಗುಂಪಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ತೆಗೆದುಹಾಕುವ ಹಲ್ಲು ಸಾಕು. ಮತ್ತೊಂದು ಗುಂಪು "ಮೊದಲು ಸಕ್ಕರೆ ಹತೋಟಿಗೆ ಬರಲಿ, ತಂಬಾಕು ಬಿಡಲಿ" ಅನ್ನುತ್ತೆ. 'ಈಗ ಬೇಡ' ಅನ್ನೋದೂ ಚಿಕಿತ್ಸೆಯ ಒಂದು ತೀರ್ಮಾನ ಅಂತ ಬರೀ ನೋಟ್ಸ್ ಬರೆದುಕೊಂಡವನಿಗೆ ಹೊಳೆಯೋದು ಕಷ್ಟ.

ಆಮೇಲೆ ಕೈಕೆಲಸ. ಪ್ಲಾಸ್ಟಿಕ್ ದವಡೆ, ಕೆಲವೆಡೆ ಕುರಿಯ ದವಡೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಕಾದರೂ ಕೆಡಬಹುದು. ಅದಕ್ಕೇ ಕೊರೆಯುವಾಗ ಸಲೈನ್ ಹರೀತಿರಬೇಕು. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾಯ್ದಿದೆ. ಅದರಿಂದ 2 ಮಿಲಿಮೀಟರ್ ಆದರೂ ದೂರ ಇರಬೇಕು, ತಾಗಿದರೆ ತುಟಿ ಜೋಮು ಹಿಡಿಯುತ್ತೆ. ಕೊರೆದ ಮಾದರಿಯನ್ನ ಸೀಳಿ ನೋಡಿದಾಗ ತನ್ನ ಡ್ರಿಲ್ ನರದ ದಾರಿಗೇ ನುಗ್ಗಿರೋದು ಕಂಡರೆ ಆ ಹುಡುಗ ಅದನ್ನ ಮರೆಯಲ್ಲ. ನೂರು ಸ್ಲೈಡ್ ತೋರಿಸಿದರೂ ಇಷ್ಟು ತಾಗಲ್ಲ ಬಿಡಿ.

ಈ ವಿದ್ಯೆ ಹುಟ್ಟಿದ್ದೂ ಪ್ರಯೋಗದ ಮೇಜಿನ ಮೇಲೇ. 1952ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನ ಹಿಡಿದುಕೊಂಡಿತ್ತು! ಮನುಷ್ಯನ ದವಡೆಗೆ ಅದು ಬಂದದ್ದು 1965ರಲ್ಲಿ. ನಡುವೆ ಹದಿಮೂರು ವರ್ಷ.

ಶಿರವಾಳದವರಿಗೆ ದಂತ ಕಾಲೇಜು ಅಂದ್ರೆ ಕಲಬುರಗಿ ಇಲ್ಲಾ ರಾಯಚೂರು. ಮೂಳೆ ಕೂಡಿಕೊಳ್ಳೋಕೆ ತಿಂಗಳುಗಳೇ ಬೇಕು, ಮತ್ತೆಮತ್ತೆ ಹೋಗಬೇಕು. ಪ್ರತಿ ಸಲವೂ ಬಸ್ಸು, ಜೊತೆಗೊಬ್ಬರು, ಒಂದು ದಿನದ ಕೂಲಿ. ಕಲಿಯುವವರ ಕೈ ತಪ್ಪಿದರೆ ಈ ಓಡಾಟ ಮೊದಲಿಂದ ಶುರು.

ಹಾಗಾಗಿ ಅಜ್ಜನ ಜೊತೆ ಹೋಗುವ ಮೊಮ್ಮಗ ರೇಟ್ ಒಂದನ್ನೇ ಕೇಳಿ ಬರೋದಲ್ಲ. "ಡಾಕ್ಟ್ರೇ, ಇದು ನಿಮಗೆ ಎಷ್ಟನೇ ಕೇಸು? ಪಕ್ಕದಲ್ಲಿ ಸೀನಿಯರ್ ನಿಂತಿರ್ತಾರಾ?" ಅಂತಲೂ ಕೇಳಬೇಕು. ಚೆನ್ನಾಗಿ ಕಲಿತವರು ಇದಕ್ಕೆ ಸಿಟ್ಟಾಗಲ್ಲ.